ಮೊದಲ ದಿನದ್ದು ಲೆಕ್ಕಕ್ಕಿಲ್ಲ

ಹತ್ತೊಂಬತ್ತು ವರ್ಷದಿಂದ ನನ್ನ ಕೆಲಸ
ತೂಕದ ಕಲ್ಲುಗಳ ಸೀಸಕ್ಕೆ ಮುದ್ರೆ ಒತ್ತುವುದು.
ಗಾಂಧಿ ಬಜಾರಿನ ಬೆಲ್ಲದಂಗಡಿ, ಬಿ.ಎಚ್. ರಸ್ತೆಯ ಪೆಟ್ರೋಲ್ ಬಂಕು,
ಮೀನು ಮಾರ್ಕೆಟ್ಟಿನ ಒದ್ದೆ ತಕ್ಕಡಿ.
ನಾನು ಒಳಗೆ ಕಾಲಿಟ್ಟ ಗಳಿಗೆಯಲ್ಲಿ
ಶಿವಮೊಗ್ಗದ ಒಂದು ತಕ್ಕಡಿಯೂ ಸುಳ್ಳು ಹೇಳಿದ್ದಿಲ್ಲ.
ಜೀಪು ತಿರುವಿನಾಚೆ ಹೋದ ಮೇಲಿನ ತೂಕ
ನನ್ನ ಪುಸ್ತಕದಲ್ಲಿಲ್ಲ.

ಶಾಲೆಯ ತಪಾಸಣೆಯಲ್ಲಿ ತನ್ಮಯಿಗೆ ಬಂದದ್ದು
ನೂರ ಇಪ್ಪತ್ತಾರು, ಎಂಬತ್ತೆರಡು.
ಒಂಬತ್ತು ವರ್ಷ. ಹಾಲುಹಲ್ಲೇ ಇನ್ನೂ ಪೂರ್ತಿ ಬಿದ್ದಿಲ್ಲ.
ಬಿ.ಪಿ. ಅಂದರೆ ನಮ್ಮಲ್ಲಿ
ಉಪ್ಪಿನಕಾಯಿ ಬಿಟ್ಟ ಹಿರಿಯರ ಮಾತು.
ದುರ್ಗಿಗುಡಿಯ ಕ್ಲಿನಿಕ್ಕಿನಲ್ಲಿ ಮತ್ತೆ ನೋಡಿದರು:
ನೂರ ಇಪ್ಪತ್ತೆಂಟು.
ಪಕ್ಕದ ಕೋಣೆಯಲ್ಲಿ ಯಾವುದೋ ಮಗು ಸೂಜಿಗೆ ಅರಚುತ್ತಿತ್ತು,
ಇವಳು ಆ ಗೋಡೆಯನ್ನೇ ನೋಡುತ್ತಿದ್ದಳು.

ಡಾಕ್ಟರ್ ಸಬೀಹಾ ಡ್ರಾಯರಿನಿಂದ ಯಂತ್ರ ತೆಗೆದು
ಐನೂರು ಠೇವಣಿ ಬರೆದುಕೊಂಡರು.
‘ಇದು ಮಕ್ಕಳ ಪಟ್ಟಿ, ದೊಡ್ಡವರದ್ದು ಕಟ್ಟಬೇಡಿ.
ಏಳು ದಿನ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ.
ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆಸರೆ,
ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ, ಮಾತಿಲ್ಲ.
ಮೊದಲ ದಿನದ್ದೂ ಬರೀರಿ, ನಾನು ಲೆಕ್ಕಕ್ಕೆ ಹಿಡಿಯಲ್ಲ.’
ಯಾಕೆ ಎಂದೆ.
‘ಮೊದಲ ದಿನ ಮನೆಯೂ ಕ್ಲಿನಿಕ್ಕೇ.’

ನಿಯಮವಿರುವ ಕೆಲಸ, ನನಗೆ ಸಮಾಧಾನ.
ಗೋಪಾಳದ ಬಾಡಿಗೆ ಮನೆಯಲ್ಲಿ ಕುರ್ಚಿ ಎತ್ತರ,
ಪಾದ ನೆಲ ಮುಟ್ಟಲಿಲ್ಲ.
ಮುದ್ರೆ ರದ್ದಾದ ಹತ್ತು ಕಿಲೋ ಕಲ್ಲು ಎರಡು
ಮಂಚದಡಿಯಿಂದ ಎಳೆದು ಅವಳ ಕಾಲಡಿ ಇಟ್ಟೆ.
‘ತಣ್ಣಗಿದೆ ಅಪ್ಪಾ.’
‘ಮಾತಾಡಬಾರದು.’
ಗಡಿಯಾರ ನೋಡುತ್ತ ನಿಂತೆ, ಪೆನ್ನಿನ ಕ್ಯಾಪು ತೆಗೆದು.
ಪಟ್ಟಿ ಉಬ್ಬಿತು, ಗುಂಯ್‌ಗುಟ್ಟಿತು, ಉಸ್ಸೆಂದು ಕೈ ಬಿಟ್ಟಿತು:
ನೂರ ಹತ್ತೊಂಬತ್ತು.
‘ಫೇಲಾ?’ ಎಂದಳು.

ಮೂರನೇ ದಿನ ನನಗೆ ಸಾಗರದಲ್ಲಿ ಡ್ಯೂಟಿ.
ನಾಗವೇಣಿ ದೋಸೆಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು
ಪಟ್ಟಿ ಕಟ್ಟಿದಳಂತೆ: ನೂರ ನಾಲ್ಕು.
ಮತ್ತೊಮ್ಮೆ: ನೂರ ಮೂರು.
ಸಂಜೆ ನಾನು ಬಂದು ನೋಡಿದೆ: ನೂರ ಹದಿನೇಳು.
ಯಂತ್ರವನ್ನು ಕಿವಿಯ ಬಳಿ ಅಲುಗಾಡಿಸಿದೆ,
ಹೊಸ ಬ್ಯಾಟರಿ ಹಾಕಿದೆ,
ತಳ ಮಗುಚಿ ಯಾರ ಮುದ್ರೆ ಇದೆಯೆಂದು ಹುಡುಕಿದೆ.
ಸಾರಿಗೆ ಒಗ್ಗರಣೆ ಹಾಕುತ್ತ, ತಿರುಗಿಯೂ ನೋಡದೆ ಹೇಳಿದಳು:
‘ಅದು ಸರಿಯಾಗೇ ಇದೆ.
ನೀವು ಅಂಗಡಿಗೆ ಹೋದ ಹಾಗೆ ಬರ್ತೀರಿ.’

ರಾತ್ರಿ ನಿದ್ದೆ ಬರಲಿಲ್ಲ.
ಕೋಟೆ ರಸ್ತೆಯಲ್ಲಿ ಒಬ್ಬಾಕೆ ಒಣಮೆಣಸಿನಕಾಯಿ ಮಾರುತ್ತಾಳೆ.
ಅವಳ ಕಲ್ಲು ಒಂದು ಗ್ರಾಮೂ ಕಡಿಮೆ ಬಂದದ್ದಿಲ್ಲ,
ಆದರೂ ನನ್ನ ಖಾಕಿ ಚೀಲ ಕಂಡರೆ
ತಕ್ಕಡಿಯ ದಾರ ಅವಳ ಬೆರಳಲ್ಲಿ ನಡುಗುತ್ತದೆ.
ನಾನದನ್ನು ಎಷ್ಟೋ ವರ್ಷ
ಗಾಳಿ ಎಂದುಕೊಂಡಿದ್ದೆ.

ಐದನೇ ದಿನ ಬೆಳಿಗ್ಗೆ
ಪುಸ್ತಕ, ಪೆನ್ನು ಹಿಡಿದು ಹೊರಗೆ ಮೆಟ್ಟಿಲ ಮೇಲೆ ಕೂತೆ.
‘ನೀನೇ ಕಟ್ಕೋ, ನೀನೇ ಒತ್ತು, ನೀನೇ ಓದು.’
ಒಳಗೆ ಐದು ನಿಮಿಷ.
ಹಾಲಿನವನ ಬೈಕು ಹೋಯಿತು.
ಎದುರು ಮನೆಯವರು ನಲ್ಲಿಗೆ ಕೊಡ ಇಟ್ಟರು,
ಅದು ತುಂಬುವ ದನಿ ಸಣ್ಣಗಾಗುತ್ತ ಬಂತು.
ಯಾರೋ ನೋಡಿದರು, ಇವರೇಕೆ ಹೊರಗೆ ಎಂದು.
ಕಡೆಗೆ ಗುಂಯ್ ಎಂದಿತು,
ಕಿಟಕಿ ಸರಳಿನ ನಡುವಿನಿಂದ ಸಂಖ್ಯೆ ಬಂತು:
‘ನೂರ ಎರಡು. ಕೆಳಗಿಂದು ಅರವತ್ನಾಲ್ಕು.’

ಎದ್ದು ನೋಡಲಿಲ್ಲ.
ಕಣ್ಣಾರೆ ಕಾಣದ ಅಳತೆಯನ್ನು
ಬರೆದದ್ದು ಇದೇ ಮೊದಲು;
ಕೈ ಸ್ವಲ್ಪ ನಡುಗಿತು, ಎರಡರ ಬಾಲ ಉದ್ದವಾಯಿತು.

‘ಬರ್ಕೊಂಡ್ಯಾ?’
‘ಬರ್ಕೊಂಡೆ.’
‘ಸೀಲ್ ಹಾಕು ಮತ್ತೆ!’ ಎಂದು ಒಳಗೆ ಕಿಲಕಿಲ ನಗು.
ಮಾತಾಡಬಾರದು, ಇನ್ನೊಂದು ಸಲ ನೋಡುವುದಿದೆ
ಎನ್ನಲು ಬಾಯಿ ತೆರೆದವನು
ಪೆನ್ನಿನ ಕ್ಯಾಪು ಕಚ್ಚಿಕೊಂಡು ಕಾದೆ.